ಹೊಸ ಕಾರಿಗೆ ಹೊರಗಿನ ಜೋಡಣೆ: ವಾರಂಟಿ ಎಷ್ಟು ಉಳಿಯುತ್ತದೆ?

ವಾಹನ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂಟು ತಿಂಗಳ ಹಿಂದೆ ಹೊಸ ಕಾಂಪ್ಯಾಕ್ಟ್ ಎಸ್‌ಯುವಿ ಕೊಂಡೆ. ಹೆಡ್‌ಲೈಟ್ ಬೆಳಕು ಸಾಲದೆಂದು ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 100/90 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬುಗಳನ್ನು ಹಾಕಿಸಿ, ಜೊತೆಗೆ ಆಂಡ್ರಾಯ್ಡ್ ಸ್ಕ್ರೀನನ್ನೂ ಕೂರಿಸಿಕೊಂಡೆ. ಕಳೆದ ತಿಂಗಳು ಪವರ್ ವಿಂಡೋ, ಸೆಂಟ್ರಲ್ ಲಾಕ್ ಎರಡೂ ಕೈಕೊಟ್ಟವು. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟಿದೆ, ಹೊರಗೆ ವೈರಿಂಗ್ ಮಾಡಿಸಿದ್ದರಿಂದ ಕಾರಿನ ಇಡೀ ವಾರಂಟಿಯೇ ರದ್ದಾಗಿದೆ ಎಂದು ಸರ್ವಿಸ್ ಸೆಂಟರಿನವರು ಹೇಳಿದರು. ಅದೇ ಹೊತ್ತಿಗೆ ಎ.ಸಿ. ಕಂಪ್ರೆಸರ್ ಸದ್ದು ಮಾಡಲು ಶುರುವಾಗಿತ್ತು, ಅದಕ್ಕೂ ದುಡ್ಡು ಕೊಡಬೇಕಂತೆ. ಇದು ನ್ಯಾಯವೇ?
— ವಿಜಯನಗರದ ಓದುಗರು, ಬೆಂಗಳೂರು

ಉತ್ತರ: ತಮ್ಮ ಪತ್ರದಲ್ಲಿರುವುದು ಎರಡು ಬೇರೆ ಬೇರೆ ಪ್ರಕರಣಗಳು. ಸರ್ವಿಸ್ ಸೆಂಟರಿನವರು ಅವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ, ಮೊದಲು ಆ ಗಂಟನ್ನು ಬಿಡಿಸಬೇಕು.

ಕಾರಿನ ಜೊತೆ ಬಂದ ವಾರಂಟಿ ಪುಸ್ತಿಕೆಯಲ್ಲಿ ವಾರಂಟಿಗೆ ಒಳಪಡದ ಸಂಗತಿಗಳ ಪುಟವನ್ನು ತೆಗೆದು ನಿಧಾನವಾಗಿ ಓದಿ. ಮಾರ್ಪಾಡುಗಳ ವಿಚಾರದಲ್ಲಿ ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಷರತ್ತುಗಳು ಕಾಣಸಿಗುತ್ತವೆ. ಕಂಪನಿ ಅನುಮೋದಿಸದ ಬಿಡಿಭಾಗ ಅಥವಾ ಜೋಡಣೆಯಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ ಎನ್ನುವುದು ಒಂದು ಬಗೆ. ಮಾರ್ಪಡಿಸಿದ ವಾಹನಕ್ಕೆ ವಾರಂಟಿಯೇ ಅನ್ವಯಿಸದು ಎಂದು ಒಂದೇ ಏಟಿಗೆ ಹೇಳಿಬಿಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಕೆಟ್ಟ ಭಾಗಕ್ಕೂ ಹಾಕಿಸಿದ ವಸ್ತುವಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಎರಡನೆಯದು ಆ ಪ್ರಶ್ನೆಯನ್ನೇ ನುಂಗಿಹಾಕುವಂತೆ ಕಂಡರೂ, ಗ್ರಾಹಕ ಆಯೋಗದ ಮುಂದೆ ಹೋದಾಗ ಕಾರಣ ಹೇಳದೆ ಕೇವಲ ಆ ಸಾಲನ್ನು ತೋರಿಸಿ ಪಾರಾಗುವುದು ಕಂಪನಿಗೆ ಅಷ್ಟು ಸಲೀಸಲ್ಲ.

ಈಗ ತಮ್ಮ ಬಾಡಿ ಕಂಟ್ರೋಲ್ ಮಾಡ್ಯೂಲ್ ವಿಷಯಕ್ಕೆ ಬರೋಣ. ಇಲ್ಲಿ ತಮ್ಮ ಪಕ್ಷ ದುರ್ಬಲವಾಗಿದೆ ಎಂದು ನೇರವಾಗಿಯೇ ಹೇಳಬೇಕಾಗುತ್ತದೆ. ಕಂಪನಿಯಿಂದ ಬರುವ ಎಚ್4 ಹ್ಯಾಲೊಜೆನ್ ಬಲ್ಬು 60/55 ವ್ಯಾಟಿನದು. 12 ವೋಲ್ಟಿನ ಲೆಕ್ಕದಲ್ಲಿ ಹೈ ಬೀಮಿನಲ್ಲಿ ಅದು 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟಿನ ಬಲ್ಬು ಎಳೆಯುವುದು 8.3 ಆಂಪಿಯರ್, ಅದೂ ಎರಡು ದೀಪಗಳಿಗೆ ಎರಡರಷ್ಟು. ಹಳೆಯ ಕಾರುಗಳಲ್ಲಿ ಈ ಹೊರೆಯನ್ನು ಒಂದು ರಿಲೇ ಮತ್ತು ದಪ್ಪ ವೈರು ಹೇಗೋ ತಡೆದುಕೊಳ್ಳುತ್ತಿದ್ದವು. ಇಂದಿನ ಅನೇಕ ಕಾರುಗಳಲ್ಲಿ ಹೆಡ್‌ಲೈಟಿನ ವಿದ್ಯುತ್ತು ಬಾಡಿ ಕಂಟ್ರೋಲ್ ಮಾಡ್ಯೂಲಿನ ಮೂಲಕವೇ ಹಾಯುತ್ತದೆ, ಕಿಟಕಿ, ಲಾಕು, ವೈಪರ್‌ಗಳ ಕಾರುಬಾರನ್ನೂ ಅದೇ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಹೀಗಾಗಿ ಬಲ್ಬಿಗೂ ಕಿಟಕಿಗೂ ಸಂಬಂಧವಿಲ್ಲ ಎಂದು ನಮಗೆ ತೋರಿದರೂ, ಅವೆರಡೂ ಒಂದೇ ಸೂರಿನ ಕೆಳಗಿನ ಸಂಸಾರ. ಬಲ್ಬಿನ ಹೋಲ್ಡರನ್ನು ಬಿಚ್ಚಿ ನೋಡಿಸಿ: ಬಿಳಿಯ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಪಿನ್ನುಗಳ ಸುತ್ತ ಕರಗಿದ ಗುರುತಿದ್ದರೆ, ಹೆಚ್ಚಿನ ಹೊರೆ ಬಿದ್ದದ್ದು ನಿಜ ಎಂದು ಯಾವ ತಜ್ಞರೂ ಹೇಳುತ್ತಾರೆ. ಆಂಡ್ರಾಯ್ಡ್ ಸ್ಕ್ರೀನನ್ನು ಕಪ್ಲರಿಗೆ ಕಪ್ಲರ್ (ವೈರಿನ ತುದಿಯ ಪ್ಲಗ್ಗು) ಕೂಡಿಸಿ ಹಾಕಿದ್ದಾರೆಯೇ ಅಥವಾ ವೈರನ್ನು ಕತ್ತರಿಸಿ, ತಿರುಚಿ, ಟೇಪು ಸುತ್ತಿದ್ದಾರೆಯೇ ಎಂಬುದನ್ನೂ ನೋಡಬೇಕು. ಕತ್ತರಿಸಿದ್ದರೆ ಸರ್ವಿಸ್ ಸೆಂಟರಿನ ಕೈಗೆ ಇನ್ನೊಂದು ಫೋಟೋ ಸಿಕ್ಕಿದಂತೆಯೇ.

ಕಂಪ್ರೆಸರಿನ ಕಥೆ ಬೇರೆ. ಅದರ ಸದ್ದು ಒಳಗಿನ ಬೇರಿಂಗು ಅಥವಾ ಕ್ಲಚ್ಚಿನಿಂದ ಬರುವ ಯಾಂತ್ರಿಕ ದೋಷವಾಗಿದ್ದರೆ, ಹೆಡ್‌ಲೈಟ್ ಬಲ್ಬು ಅದಕ್ಕೆ ಕಾರಣವಾಗುವ ದಾರಿಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು. ಇಲ್ಲಿ ತಾವು ಪಟ್ಟು ಬಿಡಬೇಕಿಲ್ಲ.

ಮುಂದಿನ ಹೆಜ್ಜೆಗಳಲ್ಲಿ ಒಂದು ಮಾತ್ರ ಎಲ್ಲಕ್ಕಿಂತ ಮುಖ್ಯ: ನಿರಾಕರಣೆಯನ್ನು ಬರಹದಲ್ಲಿ ಪಡೆಯುವುದು. ಕೌಂಟರಿನಲ್ಲಿ ನಿಂತು ‘ವಾರಂಟಿ ಹೋಯ್ತು ಸಾರ್’ ಎನ್ನುವ ಸರ್ವಿಸ್ ಅಡ್ವೈಸರ್, ಅದನ್ನೇ ಇ-ಮೇಲಿನಲ್ಲಿ ಬರೆಯಬೇಕಾದಾಗ ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎನ್ನುವುದು ಸಾಮಾನ್ಯ. ಯಾವ ಭಾಗ ಕೆಟ್ಟಿದೆ, ಪರೀಕ್ಷೆಯಲ್ಲಿ ಏನು ಕಂಡಿತು, ಪುಸ್ತಿಕೆಯ ಯಾವ ಷರತ್ತಿನಡಿ ನಿರಾಕರಿಸುತ್ತಿದ್ದಾರೆ ಎಂಬ ಮೂರನ್ನೂ ಎರಡು ಭಾಗಗಳಿಗೂ ಪ್ರತ್ಯೇಕವಾಗಿ ಕೇಳಿ. ಕಂಪ್ರೆಸರಿನ ಸದ್ದನ್ನು ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳುವ ಚೀಟಿ) ಇಂದೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ವ್ಯಾಜ್ಯ ನಡೆಯುತ್ತಿದೆಯೆಂದು ವಾರಂಟಿಯ ಗಡಿಯಾರ ನಿಲ್ಲುವುದಿಲ್ಲ, ಅವಧಿಯೊಳಗೆ ದೂರು ಕೊಟ್ಟಿದ್ದಿರಿ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಹೊರಗೆ ಹಾಕಿಸಿದ ವಸ್ತುಗಳನ್ನು ಈಗ ಅವಸರದಲ್ಲಿ ಕಿತ್ತುಹಾಕಬೇಡಿ. ಇದ್ದ ಸ್ಥಿತಿಯಲ್ಲಿಯೇ ಫೋಟೋ ತೆಗೆದಿಡಿ. ಪುರಾವೆ ಮರೆಮಾಡಿದರೆಂಬ ಮಾತು ನಾಳೆ ಬರಬಾರದು.

ಆನಂತರ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ. ಡೀಲರ್ ಒಬ್ಬ ಮಧ್ಯವರ್ತಿ ಅಷ್ಟೇ, ವಾರಂಟಿ ಕೊಟ್ಟದ್ದು ಕಂಪನಿ. ಅಲ್ಲೂ ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅದಕ್ಕೂ ಮುಂದೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಗುರುಗ್ರಾಮದಲ್ಲೋ ಚೆನ್ನೈಯಲ್ಲೋ ಇದೆಯೆಂದು ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಬೆಲೆ 10 ಲಕ್ಷ ದಾಟಿ 20 ಲಕ್ಷದೊಳಗಿದ್ದರೆ ಶುಲ್ಕ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರವೂ ಆಯೋಗಕ್ಕಿದೆ. ಒಂದು ಸೂಕ್ಷ್ಮ ಗಮನಿಸಿ: ಸೇವಾ ನ್ಯೂನತೆಯ ದೂರು ಜಿಲ್ಲಾ ಆಯೋಗಕ್ಕೆ ಸೇರಿದ್ದು, ಆದರೆ ವಾರಂಟಿಯ ಷರತ್ತೇ ಅನ್ಯಾಯದ್ದು ಎಂದು ಕರಾರನ್ನು ಪ್ರಶ್ನಿಸುವ ದೂರು ರಾಜ್ಯ ಆಯೋಗದ ವ್ಯಾಪ್ತಿಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ತಾವು ಕಂಪ್ರೆಸರನ್ನು ಮಾತ್ರ ಹಿಡಿದುಕೊಂಡು ಸೇವಾ ನ್ಯೂನತೆಯ ದಾರಿಯಲ್ಲಿ ಹೋಗುವುದು ಲೇಸು. ಮಾಡ್ಯೂಲಿನ ಖರ್ಚನ್ನೂ ಅದರೊಳಗೆ ತುರುಕಿದರೆ ಗಟ್ಟಿಯಾದ ವಾದವೂ ಸಡಿಲವಾಗುತ್ತದೆ.

ಪ್ರಶ್ನೆ: ಹೊರಗಿನ ವಸ್ತು ಹಾಕಿಸಿದ ಮಾತ್ರಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ ಎಂಬ ಕಾನೂನು ಅಮೆರಿಕದಲ್ಲಿದೆ ಎಂದು ಅಲ್ಲಿರುವ ನನ್ನ ಅಳಿಯ ಹೇಳುತ್ತಾನೆ. ನಮ್ಮಲ್ಲಿ ಅಂಥದ್ದೇನೂ ಇಲ್ಲವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಜಯನಗರ

ಉತ್ತರ: ತಮ್ಮ ಅಳಿಯಂದಿರು ಹೇಳುತ್ತಿರುವುದು 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯನ್ನು. ವಾರಂಟಿ ಉಳಿಯಬೇಕಾದರೆ ನಮ್ಮ ಬ್ರ್ಯಾಂಡಿನ ಬಿಡಿಭಾಗವನ್ನೇ, ನಮ್ಮ ಸರ್ವಿಸನ್ನೇ ಕೊಳ್ಳಬೇಕು ಎಂಬ ಷರತ್ತನ್ನು ಅದು ತಡೆಯುತ್ತದೆ. ಅವುಗಳನ್ನು ಕಂಪನಿ ಉಚಿತವಾಗಿ ಕೊಟ್ಟರೆ ಅಥವಾ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ವಿನಾಯಿತಿ ನೀಡಿದರೆ ಮಾತು ಬೇರೆ. ಆದರೆ ಹೊರಗಿನ ಭಾಗವೇ ಹಾನಿಗೆ ಕಾರಣವಾಗಿದ್ದರೆ ಅಲ್ಲಿಯೂ ಕಂಪನಿ ದುರಸ್ತಿಯನ್ನು ನಿರಾಕರಿಸಬಹುದು. ಈ ಎರಡನೆಯ ಭಾಗವನ್ನು ವಾಟ್ಸ್ಆ್ಯಪ್ ಸಂದೇಶಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಭಾರತದಲ್ಲಿ ಅದೇ ಅಚ್ಚಿನ ಕಾಯ್ದೆ ಇಲ್ಲವಾದರೂ, ಅದಕ್ಕೆ ಸಮೀಪದ ಒಂದು ಆದೇಶವಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದರು ಎಂಬುದು ಮೂಲ ಆರೋಪ. ಆ ಆದೇಶದ ನಿರ್ದೇಶನಗಳಲ್ಲಿ ನಮಗೆ ಬೇಕಾದದ್ದು ಇದು: ಗ್ರಾಹಕರು ಹೊರಗಿನ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು; ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ, ಸಂದರ್ಭ ಸ್ಪಷ್ಟವಾಗಿ ಸಮರ್ಥಿಸಿದಾಗ, ವಾರಂಟಿಯನ್ನು ತಡೆಹಿಡಿಯಬಹುದು. ಈ ಪ್ರಕರಣದ ಮೇಲ್ಮನವಿಗಳು ಮುಂದೆ ಬಹಳ ದೂರ ನಡೆದವು. ಅಲ್ಲದೆ ಆದೇಶವಿರುವುದು ದುರಸ್ತಿಯ ಬಗ್ಗೆ, ಅಲಂಕಾರ ಅಥವಾ ಶಕ್ತಿವರ್ಧನೆಯ ಮಾರ್ಪಾಡಿನ ಬಗ್ಗೆ ಅಲ್ಲ. ಆದರೂ ಹಾನಿಯಾದಷ್ಟಕ್ಕೇ ನಿರಾಕರಣೆ ಎಂಬ ಅದರ ತರ್ಕವನ್ನು ಕಂಪನಿಗೆ ಬರೆಯುವ ಪತ್ರದಲ್ಲಿ ಉಲ್ಲೇಖಿಸಿದರೆ, ಎದುರಿನವರ ದನಿ ಸ್ವಲ್ಪ ಇಳಿಯುವುದುಂಟು.

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಕಾರಿಗೆ ‘ಸ್ಟೇಜ್ 1’ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಬೇಕೆಂದಿದ್ದೇನೆ. ಸರ್ವಿಸಿಗೆ ಬಿಡುವ ಮೊದಲು ಮೂಲ ಫೈಲನ್ನೇ ಹಾಕಿಕೊಡುತ್ತೇವೆ, ಶೋರೂಮಿಗೆ ಏನೂ ಗೊತ್ತಾಗುವುದಿಲ್ಲ ಎಂದು ಟ್ಯೂನರ್ ಭರವಸೆ ಕೊಟ್ಟಿದ್ದಾರೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಉತ್ತರ: ಸಾಫ್ಟ್‌ವೇರ್ ಬರೆಯುವ ತಾವು ಈ ಭರವಸೆಯನ್ನು ನಂಬಿದ್ದೇ ನನಗೆ ಆಶ್ಚರ್ಯ. ಅನೇಕ ಇಸಿಯುಗಳು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರುಗಳು) ತಮ್ಮೊಳಗೆ ಎಷ್ಟು ಸಲ ಬರೆಯಲಾಗಿದೆ, ಕೊನೆಯ ಸಲ ಯಾವಾಗ ಎಂಬ ಲೆಕ್ಕ ಇಟ್ಟುಕೊಂಡಿರುತ್ತವೆ. ಇಸಿಯುವಿನೊಳಗಿನ ಕ್ಯಾಲಿಬ್ರೇಷನ್ (ಎಂಜಿನ್ ಹೊಂದಾಣಿಕೆಯ ಅಂಕಿಅಂಶ) ಮೂಲದ್ದೇ ಎಂದು ತಾಳೆನೋಡಲು ಒಬಿಡಿ ಎಂಬ, ಕಾರಿನ ದೋಷ ಪತ್ತೆಯ ವ್ಯವಸ್ಥೆಯಲ್ಲಿ ಕ್ಯಾಲಿಬ್ರೇಷನ್ ವೆರಿಫಿಕೇಷನ್ ನಂಬರ್ ಎಂಬ ಅಂಕೆಯೂ ಇದೆ. ಮೂಲ ಫೈಲನ್ನು ಮರಳಿ ಹಾಕಿದಾಗ ಈ ಅಂಕೆ ಸರಿಹೋಗಬಹುದು, ಬರೆದ ಸಲಗಳ ಲೆಕ್ಕ ಹಿಂದಕ್ಕೆ ಹೋಗುವುದಿಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಹೀಗೆ ಸಿಕ್ಕಿಬಿದ್ದ ಇಸಿಯುವಿಗೆ ‘ಟಿಡಿ1’ ಎಂಬ ಗುರುತನ್ನು ಕಂಪನಿಯ ದಾಖಲೆಯಲ್ಲಿ ಹಾಕುವ ಪದ್ಧತಿ ಅಮೆರಿಕದಲ್ಲಿ ಟ್ಯೂನಿಂಗ್ ಹುಚ್ಚಿನವರಿಗೆಲ್ಲ ಗೊತ್ತಿರುವ ಸಂಗತಿ. ಸೆನ್ಸರ್ ಮತ್ತು ಇಸಿಯು ನಡುವೆ ಕೂರಿಸುವ ಟ್ಯೂನಿಂಗ್ ಬಾಕ್ಸನ್ನು ಬಿಚ್ಚಿಟ್ಟುಬಿಡಬಹುದು ನಿಜ, ಆದರೆ ಅದು ಇದ್ದಾಗ ಎಂಜಿನ್ ದಾಖಲಿಸಿಕೊಂಡ ದೋಷಸಂಕೇತಗಳು ಅದರ ಜೊತೆ ಹೋಗುವುದಿಲ್ಲ.

ವಾರಂಟಿಯ ದೃಷ್ಟಿಯಿಂದ ರೀಮ್ಯಾಪ್ ಉಳಿದ ಮಾರ್ಪಾಡುಗಳಂತಲ್ಲ, ಏಕೆಂದರೆ ಅದರ ಕೈ ಬಹಳ ಉದ್ದ. ಟರ್ಬೊ ಒತ್ತಡ ಹೆಚ್ಚಿದರೆ ಟಾರ್ಕ್ ಹೆಚ್ಚುತ್ತದೆ, ಟಾರ್ಕ್ ಹೆಚ್ಚಿದರೆ ಪಿಸ್ಟನ್, ಟರ್ಬೊ, ಕ್ಲಚ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ ಎಲ್ಲದರ ಮೇಲೂ ಹೊರೆ ಬೀಳುತ್ತದೆ, ಹೊಗೆಯ ಉಷ್ಣಾಂಶ ಏರಿ ಕ್ಯಾಟಲಿಟಿಕ್ ಕನ್ವರ್ಟರಿಗೂ ಬಿಸಿ ತಟ್ಟುತ್ತದೆ. ಇವುಗಳಲ್ಲಿ ಯಾವುದು ಕೆಟ್ಟರೂ ಸಂಬಂಧ ತೋರಿಸುವುದು ಕಂಪನಿಗೆ ಸುಲಭ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸು ಹಾಗೆಯೇ ಬಿಸಿಯೇರಿ ಕೂತಿರುತ್ತದೆ, ಅದಕ್ಕೆ ಈ ಹೊರೆ ಬೇರೆ. ಕಿಟಕಿಯ ಮೋಟರೋ ಹಿಂದಿನ ವೈಪರೋ ಕೆಟ್ಟರೆ ರೀಮ್ಯಾಪಿನ ನೆಪ ಹೇಳುವಂತಿಲ್ಲ, ಆದರೆ ಬೆಲೆ ಬಾಳುವುದೆಲ್ಲ ಮೊದಲಿನ ಪಟ್ಟಿಯಲ್ಲಿಯೇ ಇದೆ. ಮಾಡಿಸಲೇಬೇಕೆಂದಿದ್ದರೆ ಮಾಡಿಸಿ; ಆಮೇಲೆ ಮುಚ್ಚಿಟ್ಟು ಕ್ಲೇಮ್ ಮಾಡಬೇಡಿ. ಮುಚ್ಚಿಟ್ಟದ್ದು ಬಯಲಾದರೆ ಗ್ರಾಹಕ ಆಯೋಗದ ಮುಂದೆ ತಮ್ಮ ನ್ಯಾಯವಾದ ಬೇಡಿಕೆಗೂ ಬೆಲೆ ಇರುವುದಿಲ್ಲ.

ಪ್ರಶ್ನೆ: ಕಾರಿನ ಟೈರ್ 185/65 ಆರ್15. ನಮ್ಮ ಬಡಾವಣೆಯ ಹಂಪುಗಳಿಗೆ ಕಾರಿನ ತಳ ತಾಗುತ್ತದೆ. 205/65 ಆರ್15 ಹಾಕಿಸಿದರೆ ಎತ್ತರ ಸಿಗುತ್ತದೆ ಎಂದು ಟೈರ್ ಅಂಗಡಿಯವರು ಹೇಳಿದರು. ವಾರಂಟಿಗೆ ತೊಂದರೆಯೇ?
— ರಾಜರಾಜೇಶ್ವರಿನಗರದ ಗೃಹಿಣಿ

ಉತ್ತರ: ಲೆಕ್ಕ ಹಾಕಿ ನೋಡೋಣ. ಟೈರಿನ ಅಳತೆಯಲ್ಲಿ ಮೊದಲ ಅಂಕೆ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಲೆಕ್ಕದಲ್ಲಿ ಪಕ್ಕದ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ತಮ್ಮ ಈಗಿನ ಟೈರಿನ ಹೊರವ್ಯಾಸ ಸುಮಾರು 621.5 ಮಿ.ಮೀ., ಅಂಗಡಿಯವರು ಹೇಳಿದ್ದರದು 647.5 ಮಿ.ಮೀ. ವ್ಯತ್ಯಾಸ ಶೇ. 4ಕ್ಕೂ ಸ್ವಲ್ಪ ಹೆಚ್ಚು. ಮೂಲ ವ್ಯಾಸಕ್ಕಿಂತ ಶೇ. 2ರಿಂದ 3ರ ಒಳಗಿರಬೇಕೆಂಬುದು ಟೈರ್ ವ್ಯಾಪಾರದಲ್ಲಿ ರೂಢಿಯಲ್ಲಿರುವ ಮಿತಿ. ವ್ಯಾಸ ಹೆಚ್ಚಿದರೆ ಕಾರು ಎತ್ತರವಾಗುವುದು ಅದರ ಅರ್ಧದಷ್ಟು, ಎಂದರೆ 13 ಮಿ.ಮೀ. ಮಾತ್ರ. ಅಷ್ಟಕ್ಕಾಗಿ ಸ್ಪೀಡೋಮೀಟರ್ ಮೊದಲು ತೋರಿಸುತ್ತಿದ್ದುದಕ್ಕಿಂತ ಕಡಿಮೆ ವೇಗ ತೋರಿಸತೊಡಗುತ್ತದೆ, ಓಡೋಮೀಟರ್ ಕೂಡ ಹಿಂದೆ ಬೀಳುತ್ತದೆ. ವಾರಂಟಿಯ ಕಿಲೋಮೀಟರುಗಳು ನಿಧಾನವಾಗಿ ಮುಗಿಯುತ್ತವಲ್ಲ ಎಂದು ಒಳಗೊಳಗೇ ಖುಷಿಪಡುವವರೂ ಇದ್ದಾರು! ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಅಗಲದ ಟೈರು ಫೆಂಡರಿನ ಒಳಪದರಕ್ಕೆ ಉಜ್ಜುವ ಸಂಭವವೂ ಇದೆ. ವೀಲ್ ಬೇರಿಂಗ್, ಸಸ್ಪೆನ್ಷನ್ ಅಥವಾ ಸ್ಟಿಯರಿಂಗ್ ಭಾಗಗಳು ಕೆಟ್ಟಾಗ ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಟೈರಿನ ಮೇಲಿನ ಅಂಕೆಯನ್ನೇ.

ಚಾಲಕರ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಕಂಪನಿ ಒಪ್ಪಿದ ಟೈರಿನ ಅಳತೆ, ಗಾಳಿಯ ಒತ್ತಡ ಬರೆದ ಚೀಟಿ ಅಂಟಿಸಿರುತ್ತಾರೆ. ತಮ್ಮದೇ ಮಾದರಿಯ ಮೇಲಿನ ಶ್ರೇಣಿಗೆ 195/55 ಆರ್16 ಇದ್ದರೆ ಅದನ್ನು ಹಾಕಿಸಬಹುದು. ಅದರ ವ್ಯಾಸ 620.9 ಮಿ.ಮೀ., ಮೂಲದ್ದಕ್ಕೆ ಹೆಚ್ಚುಕಡಿಮೆ ಸಮ. ಹಂಪಿನ ಸಮಸ್ಯೆ ಮಾತ್ರ ಅದರಿಂದ ತೀರದು. ಸ್ಪ್ರಿಂಗಿನ ನಡುವೆ ಕೂರಿಸುವ ರಬ್ಬರ್ ಬಫರುಗಳನ್ನೂ ಯಾರಾದರೂ ಸೂಚಿಸಿಯಾರು. ವಾರಂಟಿ ಇರುವವರೆಗೆ ಅವುಗಳ ಗೊಡವೆ ಬೇಡ. ಅಂದ ಹಾಗೆ ಟೈರು ಮತ್ತು ಬ್ಯಾಟರಿಯ ವಾರಂಟಿಯನ್ನು ಸಾಮಾನ್ಯವಾಗಿ ಅವುಗಳ ತಯಾರಕರೇ ಕೊಡುತ್ತಾರೆ, ಕಾರು ಕಂಪನಿ ಅಲ್ಲ. ಅವುಗಳ ಕಾರ್ಡು ಬೇರೆಯೇ ಇರುತ್ತದೆ.

ಪ್ರಶ್ನೆ: ಆಯುಧಪೂಜೆಗೆ ಡೆಲಿವರಿ ತೆಗೆದುಕೊಂಡ ಕಾರಿಗೆ ಶೋರೂಮಿನಲ್ಲಿ ಸೀಟ್ ಕವರಿಗೆ ಹೇಳಿದ ಬೆಲೆ ಕೇಳಿ ಹೌಹಾರಿ ಹೊರಗೆ ಹಾಕಿಸಿದೆವು. ಅಂದಿನಿಂದ ಏರ್‌ಬ್ಯಾಗ್ ದೀಪ ಆರುತ್ತಲೇ ಇಲ್ಲ.
— ಕೆಂಗೇರಿಯ ದಂಪತಿ

ಉತ್ತರ: ಮುಂದಿನ ಸೀಟಿನ ಅಡಿಯಲ್ಲಿ ಬಗ್ಗಿ ನೋಡಿದರೆ ಹಳದಿ ಬಣ್ಣದ ಕನೆಕ್ಟರ್ ಕಾಣುತ್ತದೆ. ಹಳದಿ ಎಂದರೆ ಏರ್‌ಬ್ಯಾಗಿನ ವೈರು. ಕವರ್ ಹಾಕುವವರು ಸೀಟನ್ನು ಎತ್ತುವಾಗ ಅದು ಸಡಿಲವಾಗಿರಬಹುದು, ಅಥವಾ ಅದನ್ನು ಬಿಚ್ಚಿಟ್ಟಾಗ ಇಗ್ನಿಷನ್ ಆನ್ ಮಾಡಿದ್ದರಿಂದ ದೋಷಸಂಕೇತ ದಾಖಲಾಗಿರಬಹುದು. ದೀಪ ಉರಿಯುತ್ತಿರುವಾಗ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೆ ಹೋಗಬಹುದು. ಆದ್ದರಿಂದ ಮನೆಯಲ್ಲಿ ಕೈಹಾಕದೆ ತಡಮಾಡದೆ ಸರ್ವಿಸ್ ಸೆಂಟರಿಗೆ ಒಯ್ದು, ನಡೆದದ್ದನ್ನು ಇದ್ದ ಹಾಗೆ ಹೇಳಿ. ಕನೆಕ್ಟರ್ ಕೂಡಿಸಿ ಸಂಕೇತ ಅಳಿಸುವುದಕ್ಕೆ ಸ್ವಲ್ಪ ಖರ್ಚಾದೀತು, ಅದನ್ನು ವಾರಂಟಿಯಲ್ಲಿ ಕೇಳುವುದು ಸರಿಯಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಮುಂದಿನ ಸೀಟಿನ ಬಾಗಿಲ ಕಡೆಯ ಅಂಚಿನೊಳಗೆ ಇರುತ್ತದೆ; ಅಲ್ಲಿ ‘ಎಸ್ಆರ್‌ಎಸ್ ಏರ್‌ಬ್ಯಾಗ್’ ಎಂಬ ಪುಟ್ಟ ಪಟ್ಟಿ ಹೊಲಿದಿರುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೊಲಿಗೆ ಹರಿದು ಹೊರಬರಬೇಕು. ದಪ್ಪ ರೆಕ್ಸಿನ್ ಕವರು ಅದನ್ನು ಮುಚ್ಚಿದ್ದರೆ ವಾರಂಟಿಯ ಮಾತು ಆಮೇಲಾಯಿತು, ಜೀವಕ್ಕೇ ಅಪಾಯ. ತಮ್ಮ ಕವರಿನಲ್ಲಿ ಆ ಜಾಗ ತೆರೆದಿಲ್ಲದಿದ್ದರೆ ಅಥವಾ ಏರ್‌ಬ್ಯಾಗಿಗೆಂದೇ ಮಾಡಿದ ದುರ್ಬಲ ಹೊಲಿಗೆ ಇಲ್ಲದಿದ್ದರೆ ದಯವಿಟ್ಟು ತೆಗೆಸಿ.

ಶೋರೂಮಿನಲ್ಲೇ ಹಾಕಿಸಿದರೆ ಚಿಂತೆಯಿಲ್ಲ ಎಂದು ಬಹಳ ಮಂದಿ ಬರೆಯುತ್ತಾರೆ. ಬಿಲ್ಲನ್ನು ನೋಡದೆ ಹಾಗೆ ಹೇಳಲಾಗದು. ಅಲ್ಲಿ ಕಂಪನಿಯ ಪಾರ್ಟ್ ನಂಬರ್ ಇದ್ದರೆ ಅದು ಕಂಪನಿಯ ಅಸಲಿ ಆಕ್ಸೆಸರಿ. ಬರೀ ‘ಸೀಟ್ ಕವರ್’ ಎಂದಿದ್ದರೆ ಅದೂ ಜೆ.ಸಿ. ರಸ್ತೆಯ ಅಂಗಡಿಯಿಂದಲೇ ಬಂದಿರಬಹುದು, ಬೆಲೆ ಮಾತ್ರ ಶೋರೂಮಿನದು.

ಪ್ರಶ್ನೆ: ಪೆಟ್ರೋಲ್ ಕಾರಿಗೆ ಹೊರಗೆ ಸಿಎನ್‌ಜಿ ಕಿಟ್ ಹಾಕಿಸುವ ಮುನ್ನ ಏನೇನು ನೋಡಬೇಕು?
— ಪೀಣ್ಯದ ಓದುಗರು

ಉತ್ತರ: ಎಂಜಿನ್ ಮತ್ತು ಇಂಧನ ವ್ಯವಸ್ಥೆಯ ವಾರಂಟಿಯನ್ನು ಕೈಬಿಟ್ಟಂತೆಯೇ ಎಂದು ತಿಳಿದು ಹೊರಡಿ. ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಪೆಟ್ರೋಲ್ ಕಾರುಗಳಿಗೆ ಕಿಟ್ ಕೂರಿಸಲು 2022ರಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದೆ, ಆದರೆ ತಮ್ಮ ಮಾದರಿಗೆ ಅನುಮೋದನೆ ಪಡೆದ ಕಿಟ್ಟೇ ಆಗಬೇಕು. ಆರ್‌ಟಿಒದಲ್ಲಿ ಆರ್‌ಸಿಗೆ ನಮೂದಿಸುವುದು, ವಿಮಾ ಪಾಲಿಸಿಗೆ ಸೇರಿಸುವುದು, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಪರೀಕ್ಷೆ (ನೀರಿನ ಒತ್ತಡ ಹಾಕಿ ನೋಡುವುದು) ಇವು ತಪ್ಪಬಾರದು. ಕಾನೂನಿನ ಕಟ್ಟು ವಾರಂಟಿಗಿಂತ ಬಿಗಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಕಂಪನಿಯೇ ಸಿಎನ್‌ಜಿ ಕೂರಿಸಿ ಕೊಡುವ ಮಾದರಿ ಸಿಗುವಾಗ ಹೊಸ ಕಾರಿಗೆ ಈ ಉಸಾಬರಿ ಏಕೆ ಎಂಬುದು ನನ್ನ ಪ್ರಶ್ನೆ.

ಪ್ರಶ್ನೆ: ಡ್ಯಾಶ್‌ಕ್ಯಾಮ್ ಹಾಕಿಸಿದರೂ ವಾರಂಟಿ ಹೋಗುತ್ತದೆಯೇ?
— ಯಲಹಂಕದ ಓದುಗರು

ಉತ್ತರ: 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವುದಾದರೆ ಇಲ್ಲ. ನಿಲ್ಲಿಸಿದಾಗಲೂ ರೆಕಾರ್ಡ್ ಆಗಬೇಕಿದ್ದರೆ ವೈರು ಕತ್ತರಿಸಲು ಬಿಡದೆ, ಫ್ಯೂಸ್ ಬಾಕ್ಸಿನಲ್ಲಿ ಫ್ಯೂಸ್ ಟ್ಯಾಪ್ (ಇರುವ ಫ್ಯೂಸಿನ ಜಾಗದಿಂದಲೇ ಇನ್ನೊಂದು ಸಂಪರ್ಕ ಕೊಡುವ ಸಾಧನ) ಬಳಸಿ ಪ್ರತ್ಯೇಕ ಫ್ಯೂಸಿನೊಂದಿಗೆ ಹಾಕಿಸಿ. ಬ್ಯಾಟರಿ ಇಳಿದಾಗ ತಾನಾಗಿ ಆಫ್ ಆಗುವ ಕಿಟ್ಟನ್ನೇ ಕೇಳಿ ಪಡೆಯಿರಿ. ಎ-ಪಿಲ್ಲರಿನ (ಮುಂಗಾಜಿನ ಪಕ್ಕದ ಕಂಬ) ಒಳಗೆ ವೈರು ಎಳೆಯುವಾಗ, ಕಿಟಕಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗಿನ ಮುಂದೆ ಹಾಯಿಸದೆ ಹಿಂದಿನಿಂದ ತರುವಂತೆ ಹೇಳಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ.